ಬರಲೇ ಎಂದು ಕೇಳಿದ್ದಕ್ಕೆ

ಕೊ ಲಾಂತಾ ದ್ವೀಪ, ಥಾಯ್ಲೆಂಡ್
೪ ಡಿಸೆಂಬರ್ ೨೦೨೫, ಗುರುವಾರ

ಜೋಗುಪಾಳ್ಯದ ಜಗದೀಶ್ ಅವರಿಗೆ,

ನಂದಿತಾ ಬರೆಯುತ್ತಿದ್ದೇನೆ. ನಾನು ಚೆನ್ನಾಗಿದ್ದೇನೆ. ನೀವೂ ಚೆನ್ನಾಗಿದ್ದೀರಿ, ಬೆಳಿಗ್ಗೆ ಹಲಸೂರು ಕೆರೆಯ ಕಡೆ ನಡೆದು ಬರುತ್ತೀರಿ ಎಂದು ಬೃಂದಾ ಭಾನುವಾರ ಫೋನಿನಲ್ಲಿ ಹೇಳಿದಳು. ಹಾಗಾಗಿ ಕುಶಲ ಕೇಳುವುದನ್ನು ಬಿಟ್ಟು ವಿಷಯಕ್ಕೆ ಬರುತ್ತೇನೆ.

ನಿಮ್ಮ ಪತ್ರ ಹೋದ ವಾರ ಸಿಕ್ಕಿತು. ಹಲಸೂರಿನ ಅಂಚೆ ಕಚೇರಿಯಿಂದ ಇಲ್ಲಿಗೆ ಬರಲು ಇಪ್ಪತ್ತಾರು ದಿನ ಹಿಡಿದಿದೆ. ಮನೆ ಮಾಲೀಕಳು ನೋಯ್ ಅದನ್ನು ಎರಡೂ ಕೈಯಲ್ಲಿ ಹಿಡಿದು ತಂದುಕೊಟ್ಟಳು. ಇಲ್ಲಿ ನನಗೆ ಬರುವ ಕಾಗದಗಳೆಲ್ಲ ವೀಸಾ ಕಚೇರಿಯವು, ಅಚ್ಚಾದವು. ಲಕೋಟೆಯ ಮೇಲೆ ಕೈಬರಹ ನೋಡಿ ಊರಲ್ಲಿ ಯಾರಿಗೋ ಏನೋ ಆಗಿದೆ ಎಂದು ಅವಳು ಹೆದರಿದ್ದಳು. ನಾನು ಓದಿ ಮುಗಿಸುವವರೆಗೂ ಮೆಟ್ಟಿಲ ಮೇಲೆ ಕೂತಿದ್ದಳು. ಯಾರಿಗೂ ಏನೂ ಆಗಿಲ್ಲ ಎಂದ ಮೇಲೆಯೇ ಎದ್ದು ಹೋದದ್ದು.

ಒಂದೂವರೆ ಪುಟ ಬರೆದಿದ್ದೀರಿ. ಒಂದು ಪುಟ ಪೂರ್ತಿ ನಮ್ಮ ಮನೆಯ ಎದುರಿನ ಚರಂಡಿ ಕೆಲಸದ್ದು. ಉಳಿದ ಅರ್ಧ ಪುಟದಲ್ಲಿ, ಎದುರಿಗೆ ಕೂತು ಹೇಳಬೇಕಾದ ವಿಷಯ ಒಂದಿದೆ, ಜನವರಿಯಲ್ಲಿ ಐದು ದಿನದ ಮಟ್ಟಿಗೆ ಬರಲೇ ಎಂದು ಕೇಳಿದ್ದೀರಿ. ಆ ‘ಬರಲೇ’ ಎಂಬ ಪದವನ್ನು ನಾನು ಬಹಳ ಹೊತ್ತು ನೋಡಿದೆ. ಇಪ್ಪತ್ತೆಂಟು ವರ್ಷ ಒಂದೇ ಮನೆಯಲ್ಲಿದ್ದೆವು. ಬರ್ತೀನಿ ಎನ್ನುತ್ತಿದ್ದಿರಿ, ಹೋಗ್ತೀನಿ ಎನ್ನುತ್ತಿದ್ದಿರಿ, ಭಾನುವಾರ ಅಕ್ಕ ಬರ್ತಾಳೆ ಎನ್ನುತ್ತಿದ್ದಿರಿ. ನನ್ನನ್ನು ಕೇಳಿದ್ದು ಮಾತ್ರ ನೆನಪಿಲ್ಲ.

ಉತ್ತರ ಹೇಳುವ ಮೊದಲು ಇಲ್ಲಿ ಹೇಗಿದ್ದೇನೆ ಎನ್ನುವುದು ನಿಮಗೆ ಗೊತ್ತಿರಬೇಕು. ಬೃಂದಾ ಹೇಳಿರುವುದು ಅರ್ಧ, ಯಾಕೆಂದರೆ ನಾನು ಅವಳಿಗೆ ಹೇಳಿರುವುದೇ ಅರ್ಧ. ಅಮ್ಮ ತಮ್ಮನ್ನೆಲ್ಲ ಬಿಟ್ಟು ಸುಖವಾಗಿದ್ದಾಳೆ ಎನಿಸಿ ಮಗಳಿಗೆ ನೋವಾದೀತು ಎಂದು ಸೆಕೆ, ಸೊಳ್ಳೆ, ಒಣಮೀನಿನ ವಾಸನೆ ಇವನ್ನೇ ಹೆಚ್ಚಾಗಿ ಹೇಳುತ್ತೇನೆ.

ನಿಜ ಏನೆಂದರೆ, ನಾನು ಇಲ್ಲಿ ಬಹಳ ಸುಖವಾಗಿದ್ದೇನೆ.

ಐದೂವರೆಗೆ ಏಳುತ್ತೇನೆ. ಮಸೀದಿಯ ಕೂಗು ಕೇಳುತ್ತದೆ. ಬಂದ ಹೊಸದರಲ್ಲಿ ಅರೆನಿದ್ದೆಯಲ್ಲಿ ಶಿವಾಜಿನಗರದ ಬಸ್ ನಿಲ್ದಾಣದ ಹತ್ತಿರವೇ ಇದ್ದೇನೆ ಅನ್ನಿಸುತ್ತಿತ್ತು, ಬಸ್ಸಿನ ಸದ್ದು ಯಾಕೆ ಇಲ್ಲ ಎಂದು ಎಚ್ಚರವಾಗುತ್ತಿತ್ತು. ಕಾಫಿ ಮಾಡಿಕೊಂಡು ಸಮುದ್ರಕ್ಕೆ ಹೋಗುತ್ತೇನೆ, ಮನೆಯಿಂದ ನಾಲ್ಕು ನಿಮಿಷದ ದಾರಿ. ಪ್ರವಾಸಿಗಳು ಆಗ ಇನ್ನೂ ಮಲಗಿರುತ್ತಾರೆ. ಸ್ವೀಡನ್ನಿನವರು, ಜರ್ಮನಿಯವರು ಎರಡು ವಾರಕ್ಕೆಂದು ಬಂದು, ಮೂರನೇ ದಿನಕ್ಕೆ ಬಿಸಿಲಿಗೆ ಸುಟ್ಟು ಟೊಮೇಟೊ ಹಣ್ಣಿನ ಹಾಗಾಗಿ, ಸೂರ್ಯ ಮುಳುಗುವ ಫೋಟೋ ತೆಗೆದುಕೊಂಡು ಹೋಗುತ್ತಾರೆ. ಅವರು ಇರುವಾಗ ಊರಿಗೆ ಕಳೆ. ಆದರೆ ಮೇ ತಿಂಗಳಲ್ಲಿ ಮಳೆ ಹಿಡಿದು, ಹೋಟೆಲುಗಳು ಬಾಗಿಲು ಹಾಕಿ, ಬೀದಿಯಲ್ಲಿ ನಾವು ನಾವೇ ಉಳಿದಾಗಲೂ ನಾನು ಇಲ್ಲೇ ಇರುತ್ತೇನಲ್ಲ, ಅದು ನನಗೆ ಹೆಮ್ಮೆ. ಯಾವ ನಾಯಿ ಯಾರ ಮನೆಯದು, ಯಾವ ಅಂಗಡಿಯ ಮಾವಿನಹಣ್ಣು ಹುಳಿ ಎಂದೆಲ್ಲ ನನಗೆ ಗೊತ್ತು.

ಶಾಲೆ ಚಿಕ್ಕದು. ಹತ್ತೊಂಬತ್ತು ಮಕ್ಕಳು. ಸಮುದ್ರದೊಳಗೆ ಮುಳುಗುವುದನ್ನು ಪ್ರವಾಸಿಗಳಿಗೆ ಹೇಳಿಕೊಡುವ ಫ್ರೆಂಚರ ಮಕ್ಕಳು, ಹೋಟೆಲು ನಡೆಸುವವರ ಮಕ್ಕಳು, ಐದಾರು ಜನ ಇಲ್ಲಿಯವರೇ. ನನ್ನನ್ನು ‘ಖ್ರೂ ನನ್’ ಎನ್ನುತ್ತಾರೆ, ನನ್ ಟೀಚರ್ ಎಂದು. ಇಂದಿರಾನಗರದ ಶಾಲೆಯಲ್ಲಿ ಹೇಗೆ ಮಣಿ ಪೋಣಿಸುವುದು, ನೀರು ಸುರಿಯುವುದು ಕಲಿಸುತ್ತಿದ್ದೆನೋ ಇಲ್ಲೂ ಅದನ್ನೇ ಕಲಿಸುತ್ತೇನೆ. ಶಾಲೆಗೆ ಸ್ಕೂಟರಿನಲ್ಲಿ ಹೋಗುತ್ತೇನೆ. ಹೌದು, ನಾನೇ ಓಡಿಸುತ್ತೇನೆ. ಐವತ್ಮೂರನೇ ವಯಸ್ಸಿನಲ್ಲಿ ನೋಯ್ ಕಲಿಸಿದಳು. ಎರಡು ಸಲ ಬಿದ್ದೆ, ಮೊಣಕಾಲಿನ ಮೇಲೆ ಗುರುತಿದೆ. ಸಂಜೆ ಕೆಲವೊಮ್ಮೆ ಏನೂ ಕೆಲಸವಿಲ್ಲದೆ ದ್ವೀಪದ ದಕ್ಷಿಣದ ತುದಿಯವರೆಗೆ ಹೋಗಿ ಬರುತ್ತೇನೆ. ಎಲ್ಲಿಗೆ ಹೋಗಿದ್ದೆ ಎಂದು ಯಾರೂ ಕೇಳುವುದಿಲ್ಲ. ಅಡುಗೆ ಬೇಕೆನಿಸಿದರೆ ಮಾಡುತ್ತೇನೆ, ಇಲ್ಲದಿದ್ದರೆ ಬೀದಿ ತುದಿಯ ಅಂಗಡಿಯಲ್ಲಿ ರೊಟ್ಟಿ ತಿಂದು ಬಂದು ಮಲಗುತ್ತೇನೆ.

ಇನ್ನು ನೀವು ಹೇಳಬೇಕೆಂದಿರುವ ವಿಷಯ. ಅದು ನನಗೆ ಗೊತ್ತು. ೨೦೧೮ರ ನವೆಂಬರಿನಿಂದ ಗೊತ್ತು.

ನೀವು ಕೆ.ಆರ್. ಪುರದ ಕಾರ್ಖಾನೆಯ ಸ್ಟೋರ್ಸಿನಲ್ಲಿದ್ದವರು, ಒಂದು ಚೂರು ಕಾಗದವನ್ನೂ ಎಸೆದವರಲ್ಲ. ಆ ದಿನ ಮನೆ ಕಂದಾಯದ ಹಳೆಯ ರಸೀದಿ ಬೇಕಾಗಿತ್ತು, ನೀವು ಊರಲ್ಲಿರಲಿಲ್ಲ. ನಿಮ್ಮ ಬೀರುವಿನ ಕೆಳಗಿನ ಖಾನೆಯಲ್ಲಿ ೧೯೯೮ ಎಂದು ಬರೆದ ಫೈಲು ತೆಗೆದೆ. ಅದರಲ್ಲಿ ಮಾಲ್ಡೀವ್ಸಿನ ಶಾಲೆಯವರು ನನ್ನ ಹೆಸರಿಗೆ ಕಳಿಸಿದ್ದ ನೇಮಕದ ಪತ್ರ ಇತ್ತು. ಎರಡು ವರ್ಷದ ಕೆಲಸ, ಸಂಸಾರ ಇರಲು ಮನೆ, ಎಲ್ಲ ಬರೆದಿತ್ತು. ಅದರ ಹಿಂದೆ, ಕೌಟುಂಬಿಕ ಕಾರಣಗಳಿಂದ ಬರಲಾಗುವುದಿಲ್ಲ ಎಂದು ನಾನು ಬರೆದ ಉತ್ತರದ ಕಾರ್ಬನ್ ಪ್ರತಿ. ನಾನು ಬರೆಯದ ಉತ್ತರ. ಕೆಳಗೆ ನನ್ನ ಸಹಿ ನಿಮ್ಮ ಕೈಬರಹದಲ್ಲಿ.

ಸಹಿಗಿಂತ ಬೇರೆಯದೇ ನನ್ನನ್ನು ಹೆಚ್ಚು ಸುಟ್ಟಿತು. ಪತ್ರ ಆಗಲೇ ನಿಮ್ಮ ಕೈ ಸೇರಿದೆ ಎಂದು ತಿಳಿಯದೆ ಆ ವರ್ಷ ಮೂರು ತಿಂಗಳು ನಾನು ದಿನಾ ಅಂಚೆಯವನ ಹೊತ್ತಿಗೆ ಬೃಂದಾಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಗೇಟಿನಲ್ಲಿ ನಿಲ್ಲುತ್ತಿದ್ದೆ. ರಜೆಯ ದಿನ ನೀವು ಜಗಲಿಯಲ್ಲಿ ಕೂತು ಅದನ್ನು ನೋಡಿದ್ದೀರಿ. ನಾನು ಆಯ್ಕೆಯಾಗಲಿಲ್ಲ ಎಂದುಕೊಂಡೆ. ನನ್ನ ಇಂಗ್ಲಿಷ್ ಚೆನ್ನಾಗಿಲ್ಲ ಎಂದುಕೊಂಡು ಇಪ್ಪತ್ತು ವರ್ಷ ಇನ್ನೆಲ್ಲೂ ಅರ್ಜಿ ಹಾಕಲಿಲ್ಲ.

ಆ ಫೈಲನ್ನು ಇದ್ದ ಹಾಗೇ ಇಟ್ಟೆ. ಮರುದಿನ ಶಾಲೆಯಲ್ಲಿ ವಾಜಿದಾಗೆ ಹೇಳಿದೆ. ಫ್ರೇಜರ್ ಟೌನಿನ ವಾಜಿದಾ, ನನ್ನ ಜೊತೆ ಹದಿನಾರು ವರ್ಷ ಪಾಠ ಮಾಡಿದವಳು, ನಿಮಗೂ ಗೊತ್ತು. ಸಂಜೆ ನೀವು ಊರಿನಿಂದ ಬಂದ ಕೂಡಲೇ ಎಲ್ಲರ ಎದುರು ಕೇಳುತ್ತೇನೆ ಎಂದೆ. ಅವಳು ಮಕ್ಕಳ ಸ್ಲೇಟು ಒರೆಸುತ್ತಾ, “ಕೇಳಿದ್ರೆ ಅವರು ಸಾರಿ ಅಂತಾರೆ, ನೀನು ಅತ್ಕೊಂಡು ಅಡುಗೆ ಮಾಡ್ತೀಯ. ಜಗಳ ಆಮೇಲೆ ಆಡು ನಂದಿತಾ. ಮೊದ್ಲು ಕೆಲಸ ಹುಡುಕು,” ಎಂದಳು. ಅವಳೇ ತನ್ನ ಫೋನಿನಲ್ಲಿ ಈ ಶಾಲೆಯನ್ನು ಹುಡುಕಿದಳು. ಅರ್ಜಿಗೆ ಸಹಿ ಮಾಡಿ ಅಲ್ಲಿಂದಲೇ ಕಳಿಸಿದೆ.

ಒಂದು ವರ್ಷದ ಕೆಲಸ, ಹೋಗಿ ಬರುತ್ತೇನೆ ಎಂದು ನಿಮಗೆ ಹೇಳಿದ್ದು ಸುಳ್ಳು. ಮರಳುವುದಿಲ್ಲ ಎಂದು ಹೊರಡುವ ದಿನವೇ ನನಗೆ ಗೊತ್ತಿತ್ತು. ನಿಮಗೂ ಗೊತ್ತಿತ್ತೇನೋ. ಬಾಗಿಲಲ್ಲಿ ನಿಂತು “ಪಾಸ್‌ಪೋರ್ಟು ಮೇಲೇ ಇಟ್ಕೊಂಡಿದ್ಯಾ?” ಎಂದಷ್ಟೇ ಕೇಳಿದಿರಿ. ಆಟೋ ತಿರುವಿನಲ್ಲಿ ಮರೆಯಾಗುವವರೆಗೂ ನಿಂತಿದ್ದಿರಿ. ಯಾಕೆ ಹೋಗುತ್ತಿದ್ದೇನೆ ಎಂದು ಹೇಳದೆ ಬಂದದ್ದು ನಾನು ನಿಮಗೆ ಕೊಟ್ಟ ಶಿಕ್ಷೆ. ಆರು ವರ್ಷ ಅದನ್ನು ಸಡಿಲಿಸಲಿಲ್ಲ.

ಇನ್ನೊಂದಿದೆ. ಇದು ಬೃಂದಾಗೂ ಗೊತ್ತಿಲ್ಲ, ಅವಳಿಗೆ ನಾನೇ ಹೇಳುತ್ತೇನೆ.

೨೦೨೧ರಲ್ಲಿ ಕೋವಿಡ್ ಬಂದು ನೀವು ಹನ್ನೊಂದು ದಿನ ಆಸ್ಪತ್ರೆಯಲ್ಲಿ ಆಮ್ಲಜನಕದ ಮೇಲೆ ಇದ್ದಿರಲ್ಲ, ಆಗ ಬೃಂದಾ ಫೋನ್ ಮಾಡಿ, “ಅಮ್ಮ, ಅಪ್ಪಂದು ಏನೂ ಹೇಳಕ್ಕಾಗಲ್ಲ ಅಂತಿದ್ದಾರೆ, ಬಂದ್ಬಿಡು,” ಎಂದಳು. ವಿಮಾನಗಳೇ ಇಲ್ಲ ಎಂದೆ. ಇತ್ತು. ಊರಿಗೆ ಮರಳುವವರ ಪಟ್ಟಿಯಲ್ಲಿ ನನ್ನ ಹೆಸರಿತ್ತು, ರಾಯಭಾರ ಕಚೇರಿಯವರೇ ಕರೆ ಮಾಡಿ ಬರುತ್ತೀರಾ ಎಂದು ಕೇಳಿದರು. ನಾನು ಇಲ್ಲ ಎಂದೆ. ಕೌಟುಂಬಿಕ ಕಾರಣಗಳಿಂದ ಎಂದೇ ಹೇಳಿದೆ, ಹೇಳಿದ ಮೇಲೆ ಆ ಮಾತು ಎಲ್ಲಿಂದ ಬಂತು ಎಂದು ಹೊಳೆಯಿತು.

ನೀವು ಸಾಯಲಿ ಎಂದಲ್ಲ. ಒಮ್ಮೆ ಜೋಗುಪಾಳ್ಯದ ಆ ಮನೆಯೊಳಗೆ ಕಾಲಿಟ್ಟರೆ ಮತ್ತೆ ಹೊರಗೆ ಬರಲಾರೆ ಎಂಬ ಭಯ. ಆ ಹನ್ನೊಂದು ದಿನವೂ ಬೆಳಿಗ್ಗೆ ಸಮುದ್ರಕ್ಕೆ ಹೋದೆ. ಪ್ರವಾಸಿಗಳಿಲ್ಲದೆ ದ್ವೀಪ ಪೂರ್ತಿ ಖಾಲಿ. ನೀರು ತಳ ಕಾಣುವಷ್ಟು ತಿಳಿಯಾಗಿತ್ತು, ಆಮೆಗಳು ದಡದವರೆಗೆ ಬರುತ್ತಿದ್ದವು. ಅಷ್ಟು ಚಂದದ ಸಮುದ್ರವನ್ನು ನಾನು ಮತ್ತೆ ನೋಡಿಲ್ಲ. ಅದನ್ನು ನೋಡಿ ಸಂತೋಷಪಟ್ಟೆ, ಮನೆಗೆ ಬಂದು ಫೋನ್ ಹಿಡಿದು ಕೂತೆ. ಹನ್ನೆರಡನೇ ದಿನ ಅಪ್ಪ ಇಡ್ಲಿ ತಿಂದರು ಎಂದು ಬೃಂದಾ ಹೇಳಿದಾಗ ನೋಯ್‌ಳ ಹೆಗಲ ಮೇಲೆ ತಲೆಯಿಟ್ಟು ಅತ್ತೆ. ಯಾಕೆ ಎಂದು ಅವಳಿಗೆ ಹೇಳಲಿಲ್ಲ.

ಆಮೇಲಿಂದ ೧೯೯೮ರ ನಿಮ್ಮ ಬಗ್ಗೆ ಬೇರೆ ಥರ ಯೋಚಿಸಲು ಆಗುತ್ತಿದೆ. ಆಗ ನಿಮ್ಮ ಅಮ್ಮ ಹಾಸಿಗೆ ಹಿಡಿದಿದ್ದರು. ನಾನು ಹೋದರೆ ಮನೆ ಹೇಗೆ ನಡೆಯುತ್ತದೆ ಎಂದು ನೀವು ಹೆದರಿರಬೇಕು. ಹೆದರಿದ್ದೀನಿ ಅಂತ ಬಾಯಿ ಬಿಟ್ಟು ಹೇಳಿದ್ದರೆ ನಾನೇ ಹೋಗುವುದಿಲ್ಲ ಎನ್ನುತ್ತಿದ್ದೆನೋ ಏನೋ. ನೀವು ಮಾಡಿದ್ದು ತಪ್ಪೇ. ಅದನ್ನು ಈ ಪತ್ರದಲ್ಲಿ ಮನ್ನಿಸಿಬಿಡುತ್ತಿಲ್ಲ. ಆದರೆ ನಾನೂ ಒಬ್ಬರ ಜೀವ ಹೋಗುವ ಹೊತ್ತಿನಲ್ಲಿ ಸುಳ್ಳು ಉತ್ತರ ಕೊಟ್ಟವಳು. ನಿಮಗೆ ಇದು ತಿಳಿಯದೆ ನೀವು ಇಲ್ಲಿಯವರೆಗೆ ಬಂದು, ನನ್ನೆದುರು ತಲೆ ತಗ್ಗಿಸಿ ಕೂರುವುದು ನನಗೆ ಬೇಡ.

ಇದನ್ನೆಲ್ಲ ಓದಿದ ಮೇಲೆ ಹೇಳುವ ವಿಷಯ ಮುಗಿಯಿತು, ಹೋಗುವುದು ಬೇಡ ಎನಿಸಿದರೆ ಬರಬೇಡಿ. ನನಗೆ ಬೇಸರವಿಲ್ಲ. ಆಗಲೂ ಬರಬೇಕು ಎನಿಸಿದರೆ, ಬನ್ನಿ.

ಬರುವುದಾದರೆ ಕೆಲವು ಮಾತು. ನೋಯ್‌ಳ ಹಿತ್ತಿಲಿನಲ್ಲಿ ಪ್ರವಾಸಿಗಳಿಗೆ ಕೊಡುವ ಕೋಣೆ ಇದೆ, ಮಂಚ, ಫ್ಯಾನು, ಬಚ್ಚಲು ಎಲ್ಲ ಉಂಟು. ನೀವು ಅಲ್ಲಿ ಉಳಿಯುತ್ತೀರಿ. ನಾನು ಊರಿಗೆ ವಾಪಸ್ ಬರುವ ಮಾತು ಎತ್ತಬೇಡಿ, ನಿಮ್ಮ ಅಕ್ಕ ಅಂಜಿನಮ್ಮನವರು ಹೇಳಿ ಕಳಿಸಿದರೂ ಎತ್ತಬೇಡಿ. ದಿನಾ ನಾನೇ ಅಡುಗೆ ಮಾಡುತ್ತೇನೆ ಎಂದುಕೊಳ್ಳಬೇಡಿ. ನೀವೇ ಈಗ ಸಾರು ಮಾಡುತ್ತೀರಂತೆ, ಉಪ್ಪು ಒಂದು ದಿನ ಹೆಚ್ಚು ಒಂದು ದಿನ ಕಡಿಮೆ ಎಂದು ಬೃಂದಾ ನಗುತ್ತಾಳೆ. ಒಂದು ದಿನ ಮಾಡಿ, ತಿಂದು ನೋಡುತ್ತೇನೆ. ಆ ಫೈಲನ್ನು ತರಬೇಡಿ.

ವಿಮಾನದಲ್ಲಿ ಫುಕೆಟ್‌ಗೆ ಬಂದರೆ ಅಲ್ಲಿಂದ ವ್ಯಾನು ಸಿಗುತ್ತದೆ. ಕೊನೆಯಲ್ಲಿ ವ್ಯಾನನ್ನೇ ದೊಡ್ಡ ದೋಣಿಯ ಮೇಲೆ ಹತ್ತಿಸಿ ದಾಟಿಸುತ್ತಾರೆ, ಹೆದರಬೇಡಿ, ಕೆಳಗಿಳಿದು ಕಂಬಿಯ ಪಕ್ಕ ನಿಂತುಕೊಳ್ಳಿ, ಗಾಳಿ ಚೆನ್ನಾಗಿರುತ್ತದೆ. ಬೆಲ್ಟಿರುವ ಚಪ್ಪಲಿ ತನ್ನಿ. ಸ್ವೆಟರು ಬೇಡ, ಜನವರಿ ಎಂದು ನೀವು ಖಂಡಿತ ತುಂಬುತ್ತೀರಿ ಎಂದು ಹೇಳುತ್ತಿದ್ದೇನೆ. ರಕ್ತದೊತ್ತಡದ ಮಾತ್ರೆ ಎರಡು ದಿನದ್ದು ಹೆಚ್ಚಾಗಿಯೇ ಇರಲಿ.

ನಾಳೆ ಇಲ್ಲಿ ಅಪ್ಪಂದಿರ ದಿನ, ಶಾಲೆಗೆ ರಜೆ. ಮಕ್ಕಳು ಇವತ್ತು ಹಳದಿ ಕಾಗದದಲ್ಲಿ ಹೂ ಮಾಡಿ ಮನೆಗೆ ಒಯ್ದರು. ಬಿಸಿಲು ಇಳಿಯುತ್ತಿದೆ, ಅಂಚೆ ಡಬ್ಬದವರೆಗೆ ಸ್ಕೂಟರಿನಲ್ಲಿ ಹೋಗಿ ಇದನ್ನು ಹಾಕಿ ಬರುತ್ತೇನೆ. ಇದು ತಲುಪಲು ತಿಂಗಳಾದೀತು. ಅಷ್ಟರಲ್ಲಿ ನೀವೇ ನಿರ್ಧಾರ ಮಾಡಿಬಿಡುತ್ತೀರಿ ಎಂದು ಪ್ರತಿ ಪುಟದ ಫೋಟೋ ತೆಗೆದು ಬೃಂದಾಗೂ ಕಳಿಸುತ್ತೇನೆ. ನಿಮಗೆ ತೋರಿಸಲಿ, ಅವಳೂ ಓದಿಕೊಳ್ಳಲಿ, ಓದಿ ಕೋಪ ಬಂದರೆ ನನಗೆ ಫೋನ್ ಮಾಡಲಿ.

ಇಲ್ಲಿ ನೆಮ್ಮದಿಯಾಗಿರುವ
ನಂದಿತಾ

ಮರೆತ ಮಾತು: ಜನವರಿ ಹನ್ನೆರಡರಿಂದ ಹದಿನಾರರವರೆಗೆ ಶಾಲೆಯಲ್ಲಿ ರಜೆ ಕೇಳಿದ್ದೇನೆ, ನಿಮ್ಮ ಪತ್ರ ಬಂದ ಮರುದಿನವೇ ಕೇಳಿದೆ. ಅರ್ಜಿಯಲ್ಲಿ ಕಾರಣ ಬರೆಯುವ ಜಾಗವಿತ್ತು. ‘ನನ್ನ ಗಂಡ ಬರುತ್ತಿದ್ದಾರೆ’ ಎಂದು ಬರೆದೆ. ನಮ್ಮ ಹೆಡ್ ಟೀಚರ್ ಅದನ್ನು ಎರಡು ಸಲ ಓದಿದರು. ಆರು ವರ್ಷದಿಂದ ಇಲ್ಲಿ ಎಲ್ಲರೂ ನನ್ನ ಗಂಡ ತೀರಿಕೊಂಡಿದ್ದಾರೆ ಎಂದುಕೊಂಡಿದ್ದರು. ಹಾಗಲ್ಲ ಎಂದು ನಾನೂ ಯಾರಿಗೂ ಹೇಳಿರಲಿಲ್ಲ.