ಅಕ್ಕನಿಗೆ ತರದ ಪುಡಿ

ಜೂನ್ 4, ಸಂಜೆ
ಲ್ಯಾಬಿಗೆ ಇವತ್ತೂ ಎರಡು ಮೂಟೆ ಎಲೆ ಬಂತು. ತೊಟ್ಟು ಬಿಡಿಸಿ, ತೊಳೆದು, ಒಣಗಲು ಇಟ್ಟೆ. ಮೊನ್ನೆಯದನ್ನು ಪುಡಿ ಮಾಡಿದೆ. ಬೆರಳೆಲ್ಲ ಹಸಿರು.

ಲ್ಯಾಬಿನ ಮೇಡಂ ಕರೆದು ಮೈಕ್ರೋಸ್ಕೋಪಿನಲ್ಲಿ ತೋರಿಸಿದರು. ಯಾರದೋ ಕಿವಿಯ ನರದ ಗಡ್ಡೆಯಿಂದ ಬೆಳೆಸಿದ ಸೆಲ್‌ಗಳು. ನಮ್ಮ ಎಲೆಯ ಸಾರ ಬಿದ್ದ ಗಾಜಿನ ತಟ್ಟೆಯಲ್ಲಿ ಮುದುಡಿ ಸತ್ತಿದ್ದವು.

ಅಕ್ಕನಿಗೂ ಅದೇ ಗಡ್ಡೆ. ಎಡಗಿವಿ ಹೋದ ವರ್ಷದ ಆಪರೇಷನ್‌ನಲ್ಲೇ ಹೋಯಿತು. ಈಗ ಬಲಗಡೆಯದು ಮೆದುಳನ್ನು ಒತ್ತುತ್ತಿದೆ. ಇಪ್ಪತ್ತಕ್ಕೆ ಆಪರೇಷನ್. ಜೀವ ಉಳಿಯುತ್ತದೆ, ಕಿವಿ ಉಳಿಯುವುದಿಲ್ಲ.

ಅಕ್ಕನಿಗೆ ಇದನ್ನು ಕೊಡಬಹುದೇ ಅಂತ ಮೇಡಂ ಹತ್ತಿರ ಕೇಳಬೇಕು ಅಂದುಕೊಂಡೆ. ಕೇಳದೆ ಎಲೆ ಬಿಡಿಸಲು ವಾಪಸ್ ಹೋದೆ.

ಜೂನ್ 5
ತಡೆಯಲಾಗದೆ ಅಕ್ಕನಿಗೆ ಹೇಳಿಬಿಟ್ಟೆ. ಹೊಲಿಗೆ ಮೆಷಿನ್ ನಿಲ್ಲಿಸಿದಳು.

"ಮೌನಗೌರಿ! ಇದನ್ನ ಹೊಟ್ಟೇಲಿಟ್ಕೊಂಡು ನಿದ್ದೆ ಹೇಗೆ ಬಂತೇ ನಿಂಗೆ? ಒಂದು ಹಿಡಿ ಪುಡಿ ತಗೊಂಡ್ ಬಾ. ಆಪರೇಷನ್ ಮುಂದಕ್ಕೆ ಹಾಕ್ಸೋಣ."

"ಕಹಿ ಇರುತ್ತಕ್ಕ."

"ನಿಮ್ಮ ಭಾವನ ಅಡುಗೆ ತಿಂದೋಳು ನಾನು, ಕಹಿಗೆ ಹೆದರ್ತೀನಾ?"

ಒಳಗಿಂದ ಭಾವ ನಕ್ಕರು.

ಜೂನ್ 6
ಕೇಳಿದೆ. ನೆಲ ನೋಡುತ್ತಲೇ.

"ತಟ್ಟೇಲಿ ಸಾಯ್ಸೋದು ಸುಲಭ ಕಣಮ್ಮ," ಅಂದರು ಮೇಡಂ. "ಹೊಟ್ಟೆಗೆ ಹೋಗಿದ್ದು ಆ ನರದವರೆಗೆ ತಲುಪುತ್ತಾ? ಗೊತ್ತಿಲ್ಲ. ಅಷ್ಟರಲ್ಲಿ ಲಿವರ್ ಕೆಟ್ರೆ? ಅದೂ ಗೊತ್ತಿಲ್ಲ. ಇನ್ನೂ ಇಲಿಗೂ ಕೊಟ್ಟಿಲ್ಲ. ಔಷಧಿ ಆದ್ರೂ ವರ್ಷಗಟ್ಟಲೆ ಬೇಕು. ನಿಮ್ಮಕ್ಕ ಕಾಯೋ ಹಾಗಿಲ್ಲ."

ಹೊರಡುವಾಗ ಪುಡಿಯ ಡಬ್ಬಿ ಕೈಗೆಟುಕುವಲ್ಲೇ ಇತ್ತು. ಮುಚ್ಚಳ ತೆಗೆದೆ. ಮುಚ್ಚಿದೆ.

ಜೂನ್ 7
"ತಂದ್ಯಾ?"

"ಇಲ್ಲ. ತರಲ್ಲ."

ಅಕ್ಕನಿಗೆ ಇಲ್ಲ ಅಂದದ್ದು ಇದೇ ಮೊದಲು. ಮೇಡಂ ಹೇಳಿದ್ದನ್ನು ಹೇಳಲು ಹೋದೆ. ತಡವರಿಸಿದೆ.

"ಕೆಲಸ ಹೋಗುತ್ತೆ ಅಂತ ಭಯ ನಿಂಗೆ. ನನ್ನ ಕಿವಿ ಹೋದ್ರೆ ನಿಂಗೇನು, ಮಾತಾಡೋ ಕಷ್ಟ ತಪ್ಪುತ್ತೆ."

ಮತ್ತೆ ಮೆಷಿನ್ ತುಳಿಯತೊಡಗಿದಳು.

ಜೂನ್ 15
ಇನ್ನೂ ಮಾತಿಲ್ಲ. "ಅವಳಿಗೆ ಹೇಳಿ, ಊಟಕ್ಕೆ ಬರ್ಲಿ" — ಎಲ್ಲ ಭಾವನ ಮೂಲಕ. ನಾನು ಅಲ್ಲೇ ಎದುರಿಗೆ ಕೂತಿರುತ್ತೇನೆ. ಅವಳಿಗೆ ಕೇಳಿಸುವ ದಿನಗಳು ಹೀಗೆ ಮುಗಿಯುತ್ತಿವೆ. ಹೇಳಬೇಕಾದ್ದನ್ನು ಬಸ್ಸಿನಲ್ಲಿ ಬಾಯಿಪಾಠ ಮಾಡುತ್ತೇನೆ.

ಜೂನ್ 20, ಆಸ್ಪತ್ರೆ
ಬೆಳಿಗ್ಗೆ ಸ್ಟ್ರೆಚರನ್ನು ಬಾಗಿಲ ಹತ್ತಿರ ನಿಲ್ಲಿಸಿದರು. ಅಕ್ಕ ಬಲಗಿವಿಯನ್ನು ನನ್ನ ಕಡೆ ತಿರುಗಿಸಿದಳು.

"ಏನಾದ್ರೂ ಹೇಳೇ. ಬೈದ್ರೂ ಪರ್ವಾಗಿಲ್ಲ."

ಬಾಯಿಪಾಠವೆಲ್ಲ ಹಾರಿಹೋಯಿತು.

"ನೀರು ಕುಡೀಬಾರ್ದಂತೆ," ಅಂದೆ.

ನಕ್ಕಳು. ಒಳಗೆ ತಳ್ಳಿಕೊಂಡು ಹೋದರು.

ಆಗಸ್ಟ್ 11
ಆಪರೇಷನ್‌ನಲ್ಲಿ ತೆಗೆದ ಅಕ್ಕನ ಗಡ್ಡೆ ನಮ್ಮ ಲ್ಯಾಬಿಗೇ ಬಂದಿತ್ತು. ಅವಳೇ ಒಪ್ಪಿ ಕೊಟ್ಟದ್ದು. ಇವತ್ತು ಮೇಡಂ ತಟ್ಟೆ ತೋರಿಸಿದರು. ಎಲೆಯ ಸಾರಕ್ಕೆ ಅರ್ಧಕ್ಕಿಂತ ಹೆಚ್ಚು ಸೆಲ್‌ಗಳು ಸತ್ತಿದ್ದವು.

"ತಟ್ಟೇಲಷ್ಟೇ ಕಣಮ್ಮ," ಅಂದರು, ನನ್ನ ಮುಖ ನೋಡಿ. ನನಗೂ ಗೊತ್ತು.

ಮನೆಗೆ ಬಂದೆ. ಅಕ್ಕ ಹೊಲಿಯುತ್ತಿದ್ದಳು. ದಾರ ಕಡಿದ ಸದ್ದು ಅವಳಿಗೆ ಕೇಳಿಸಿರಲಿಲ್ಲ, ಸೂಜಿ ಬರಿಬಟ್ಟೆಯ ಮೇಲೆ ಓಡುತ್ತಿತ್ತು. ಚಕ್ರ ಹಿಡಿದು ನಿಲ್ಲಿಸಿದೆ.

"ನನ್ನ ಗಡ್ಡೆ ಏನಾಯ್ತೇ ಅಲ್ಲಿ? ನಿಧಾನಕ್ಕೆ ಹೇಳು, ತುಟಿ ನೋಡ್ತೀನಿ."

ಸುಳ್ಳು ಹೇಳಬಹುದಿತ್ತು. ಅವಳ ಗದ್ದ ಹಿಡಿದು ನನ್ನ ಕಡೆ ತಿರುಗಿಸಿಕೊಂಡೆ.

"ಸತ್ತೋಯ್ತು ಅಕ್ಕ."

ಅಷ್ಟು ಅವಳಿಗೆ ಅರ್ಥವಾಯಿತು. ಮುಂದಿನದು ಇನ್ನೂ ಬಾಯಲ್ಲಿತ್ತು — ತಟ್ಟೆಯಲ್ಲಿ ಮಾತ್ರ, ನಿನ್ನ ಮೈಯಲ್ಲಿ ಏನಾಗುತ್ತಿತ್ತೋ ಯಾರಿಗೂ ಗೊತ್ತಿಲ್ಲ... ಅಷ್ಟರಲ್ಲಿ ಕಣ್ಣು ಮುಚ್ಚಿಕೊಂಡಳು. ಕೈ ಅಲುಗಿಸಿದೆ. ತೆರೆಯಲಿಲ್ಲ. ಇನ್ನೂ ಹಾಗೇ ಕೂತಿದ್ದಾಳೆ. ಅವಳು ಕಣ್ಣು ತೆರೆಯದೆ ಉಳಿದದ್ದನ್ನು ನಾನು ಹೇಗೆ ಹೇಳಲಿ?