ಅತ್ತೆ ಹತ್ತಿದರೆ ಹಸಿರು

ಮಾರ್ಚ್ ೪, ಸೋಮವಾರ

ಬೆಳಿಗ್ಗೆ ಹೊಸ ಬಂಡೆ ಹಾದಿಗೆ. ಕತ್ತಿ, ಬಣ್ಣದ ಡಬ್ಬ, ಬ್ರಷ್, ಅತ್ತೆ. ರೆಸಾರ್ಟಿನ ಹಾದಿಗಳಿಗೆಲ್ಲ ಗುರುತು ಬಳಿಯುವವನು ನಾನೇ — ಮಕ್ಕಳು ಮರಿ ಕಟ್ಟಿಕೊಂಡು ಬಂದವರಿಗೆ ಹಸಿರು, ಗಟ್ಟಿ ಕಾಲಿನವರಿಗೆ ಹಳದಿ, ಹುಚ್ಚರಿಗೆ ಕೆಂಪು. ಆದರೆ ಈ ಬೆಟ್ಟದಲ್ಲೇ ಸವೆದ ಕಾಲು ನನ್ನದು, ನನಗೆ ಎಲ್ಲವೂ ಸುಲಭ. ಅದಕ್ಕೇ ಹೆಂಡತಿಯ ಅಮ್ಮನನ್ನು ಕರೆದೊಯ್ಯುವುದು. ಎಪ್ಪತ್ತರ ಹತ್ತಿರ. ಅವರು ಹತ್ತಿಳಿದು "ಸುಲಭ" ಎಂದರೆ ಹಸಿರು. ಮ್ಯಾನೇಜರಿಗೆ ಈ ಗುಟ್ಟು ಗೊತ್ತಿಲ್ಲ. ಏನೋ ವೈಜ್ಞಾನಿಕ ವಿಧಾನ ಇದೆ ಅಂದುಕೊಂಡಿದ್ದಾರೆ, ಪಾಪ.

ಮುಂದೆ ಹೋಗಿ ಪೊದೆ ಸವರುತ್ತಿದ್ದೆ. ಅತ್ತೆ ತಡವಾಗಿ ಬಂದರು.

"ಹೇಗಿತ್ತು ಅತ್ತೆ?"

"ಇದೂ ಒಂದು ಹಾದೀನಾ ಅಳಿಯಂದ್ರೇ? ಅಂಗಳ ಇದ್ದ ಹಾಗಿದೆ."

ಹಸಿರು ಬಳಿದೆ.

ಮಾರ್ಚ್ ೯, ಶನಿವಾರ

ಹೆಂಡತಿ ಫ್ರಂಟ್ ಡೆಸ್ಕ್ ಡ್ಯೂಟಿ ಮುಗಿಸಿ ಬಂದವಳೇ ಶುರು ಮಾಡಿದಳು.

"ಏನ್ರೀ ನಿಮ್ಮ ಹಸಿರು? ಒಬ್ರು ಅಜ್ಜಿ ಅರ್ಧದಲ್ಲೇ ಕೂತುಬಿಟ್ರಂತೆ. ಮಗ ಬೆನ್ನ ಮೇಲೆ ಹೊತ್ಕೊಂಡು ಬಂದ. ಮಕ್ಕಳು ಅಳ್ತಾ ಬಂದ್ವು. ನಾನು ಎಷ್ಟು ಜನರ ಹತ್ರ ಬೈಸ್ಕೊಳ್ಳಿ?"

"ನಿಮ್ಮಮ್ಮನೇ ಅಂಗಳ ಅಂದ್ರು."

ಅತ್ತೆ ಒಳಗಿನ ರೂಮಿನಲ್ಲಿ ಬಟ್ಟೆ ಮಡಿಸುತ್ತಿದ್ದರು. ಎಲ್ಲ ಕೇಳಿಸಿರಬೇಕು. ಹೊರಗೆ ಬರಲಿಲ್ಲ.

ಮಾರ್ಚ್ ೧೦, ಭಾನುವಾರ

ಒಬ್ಬನೇ ಹೋಗಿ ನೋಡಿದೆ. ಸುಲಭ. ಬೆನ್ನಿಗೆ ಮೂಟೆ ಹಾಕಿಕೊಂಡು ನೋಡಿದೆ. ಆಗಲೂ ಸುಲಭವೇ. ತೋಟದ ಮಾಲಿಯನ್ನು ಕೇಳಿದರೆ ಕಣ್ಣು ಮುಚ್ಚಿ ಹತ್ತುತ್ತೇನೆ ಎಂದ. ನಮ್ಮದೆಲ್ಲ ಮೇಕೆ ಕಾಲು, ನಮ್ಮನ್ನು ಕೇಳಿ ಏನು ಪ್ರಯೋಜನ...

ತಲೆಬುಡ ಅರ್ಥವಾಗುತ್ತಿಲ್ಲ. ಅಂಗೈಯಷ್ಟು ಸಪಾಟಾದ ಹಳ್ಳದ ಹಾದಿಗೇ ಕಳೆದ ವರ್ಷ ಅತ್ತೆ ನನಗೆ ಮಂಗಳಾರತಿ ಮಾಡಿದ್ದರು. ಈ ವರ್ಷ ಎಲ್ಲವೂ ಅಂಗಳ. ಮಂಡಿಗೆ ವಯಸ್ಸು ಇಳಿಯುತ್ತದೆಯೇ? ಅಥವಾ ಬಂದವರೆಲ್ಲ ಸುಖಪುರುಷರೇ?

ಮಾರ್ಚ್ ೧೧, ಸೋಮವಾರ

ಬರೆಯಬೇಕೋ ಬೇಡವೋ ಗೊತ್ತಿಲ್ಲ. ಬರೆಯುತ್ತೇನೆ.

ಅತ್ತೆಯನ್ನು ಮತ್ತೆ ಬಂಡೆ ಹಾದಿಗೆ ಕರೆದೊಯ್ದೆ. ಮುಂದೆ ಹೋಗುತ್ತೇನೆ ಎಂದು ಹೇಳಿ, ತಿರುವಿನ ಮೇಲೆ ಪೊದೆಯ ಹಿಂದೆ ನಿಂತೆ. ಕಳ್ಳನ ಹಾಗೆ. ಅತ್ತೆ ಬಂದರು. ಒಂದು ಮರವನ್ನು ಎರಡೂ ಕೈಯಲ್ಲಿ ಹಿಡಿದು ಹಣೆ ಒತ್ತಿ ನಿಂತರು, ತುಂಬಾ ಹೊತ್ತು. ಆಮೇಲೆ ಕೈ ನೆಲಕ್ಕೆ ಊರಿ ಅಂಬೆಗಾಲಲ್ಲಿ ಹತ್ತಿದರು. ತಿರುವು ದಾಟಿದ ಮೇಲೆ ಮುಖ ಒರೆಸಿಕೊಂಡು, ಕೂದಲು ಸರಿ ಮಾಡಿಕೊಂಡು, ನೆಟ್ಟಗೆ ನಡೆದರು. ನಾನು ಪೊದೆಯ ಹಿಂದಿನಿಂದಲೇ ಓಡಿ ಮೇಲೆ ಎದುರಾದೆ.

"ಸುಲಭ," ಅಂದರು. ಮಾತಾಡಲು ಉಸಿರಿರಲಿಲ್ಲ.

"ನೋಡಿದೆ ಅತ್ತೆ."

ಅಲ್ಲೇ ಕೂತರು.

"ಮಗಳು ತಮ್ಮನಿಗೆ ಫೋನಲ್ಲಿ ಹೇಳ್ತಿದ್ಳು. ಅಮ್ಮನ ಕಾಲು ಸೋತ್ರೆ ಈ ಮೆಟ್ಟಿಲ ಮನೇಲಿ ಇಟ್ಕೊಳ್ಳೋಕಾಗಲ್ಲ, ನೀನೇ ಕರ್ಕೊಂಡು ಹೋಗು ಅಂತ."

ನಮ್ಮ ಕ್ವಾರ್ಟರ್ಸ್ ರಸ್ತೆಯಿಂದ ಮೇಲೆ, ಕಡಿದಾದ ಕಲ್ಲು ಮೆಟ್ಟಿಲು. ಇವಳು ಹೇಳಿದ್ದರಲ್ಲಿ ತಪ್ಪೇನಿಲ್ಲ.

"ಅವನ ಮನೇಲಿ ಲಿಫ್ಟ್ ಇದೆ ಅತ್ತೆ."

"ಇದೆ. ಬೆಳಿಗ್ಗೆ ಎಲ್ರೂ ಆಫೀಸಿಗೆ ಹೋದ್ರೆ ಕತ್ತಲಾದ ಮೇಲೇ ಬರೋದು. ಇಲ್ಲಿ ನನ್ನ ಮಾತು ಕೇಳಿ ನೀವು ಬಣ್ಣ ಬಳೀತೀರಿ. ಅಲ್ಲಿ ನನ್ನನ್ನ ಯಾರು ಏನು ಕೇಳ್ತಾರೆ?"

ಹೆಂಡತಿಗೆ ಹೇಳಬೇಡಿ ಎಂದರು. ಹೇಳಲ್ಲ ಎಂದೆ. ಹಸಿರು ಅಳಿಸದೆ ಇಳಿದು ಬಂದೆ. ಅಳಿಸಿದರೆ ಯಾಕೆ ಎನ್ನುತ್ತಾಳೆ. ಅಳಿಸದಿದ್ದರೆ...

ಮಾರ್ಚ್ ೧೩, ಬುಧವಾರ

ಬಂಡೆ ಹಾದಿಯ ಬಾಯಲ್ಲಿ ಒಂದು ಕುಟುಂಬ. ಎದೆಗೆ ಮಗು ಕಟ್ಟಿಕೊಂಡ ತಾಯಿ, ಕೋಲು ಹಿಡಿದ ಅಜ್ಜ. "ಹಸಿರಲ್ವಾ ಇದು?" ಎಂದು ನನ್ನನ್ನೇ ಕೇಳಿದರು. ಇವತ್ತು ಬಂದ್ ಎಂದು ವಾಪಸ್ ಕಳಿಸಿ, ಒಂದೊಂದೇ ಗುರುತಿನ ಮೇಲೆ ಕೆಂಪು ಬಳಿದು ಮುಗಿಸಿದೆ.

ಊಟಕ್ಕೆ ಕೂತಾಗ ಇವಳು ಕೇಳಿದಳು. "ಅಂಗಳ ಅಂದಿದ್ರಲ್ಲ ಅಮ್ಮ? ಕೆಂಪು ಯಾಕೆ?" ಅತ್ತೆ ತಟ್ಟೆ ನೋಡುತ್ತಿದ್ದರು. ನನಗೆ ಸುಳ್ಳು ಹೇಳಲು ಬರುವುದಿಲ್ಲ, ತೊದಲುತ್ತೇನೆ. ತೊದಲಿದೆ. ಎಲ್ಲ ಹೊರಗೆ ಬಂತು.

ಇವಳು ಬೈಯಲಿಲ್ಲ, ಅತ್ತಳು. "ನಾಳೆ ಮೆಟ್ಟಿಲಲ್ಲಿ ಬಿದ್ರೆ ಏನು ಗತಿ? ಅಮ್ಮನ್ನ ಕಳಿಸೋಕೆ ನನಗೇನು ಆಸೆನಾ?" ಆ ಕಡೆ ಅವಳದ್ದು ಸರಿ, ಈ ಕಡೆ ಅತ್ತೆಯದ್ದೂ ಸರಿ. ತಪ್ಪೆಲ್ಲ ನನ್ನ ಪಾಲಿಗೆ. ಅತ್ತೆ ನನ್ನ ಹತ್ತಿರ ಮಾತು ಬಿಟ್ಟಿದ್ದಾರೆ.

ಮಾರ್ಚ್ ೧೯, ಮಂಗಳವಾರ

ಕೈಯೆಲ್ಲ ಬೊಬ್ಬೆ. ಪೆನ್ನು ಹಿಡಿಯುವುದೂ ಕಷ್ಟ.

ಡ್ಯೂಟಿ ಮುಗಿದ ಮೇಲೆ ಮನೆ ಹಿಂದಿನ ಇಳಿಜಾರು ಕಡಿಯುತ್ತಿದ್ದೇನೆ. ರಸ್ತೆಯಿಂದ ಅಡುಗೆಮನೆ ಬಾಗಿಲಿಗೆ, ಮೆಟ್ಟಿಲಿಲ್ಲದೆ, ಸುತ್ತಿ ಸುತ್ತಿ ಬರುವ ಹಾದಿ. ಊರ ಜನರಿಗೆಲ್ಲ ಹಾದಿ ಮಾಡುವವನಿಗೆ ಇದು ಹೊಳೆಯಲು ಇಷ್ಟು ದಿನ ಬೇಕಾಯಿತೇ? ಇವಳು ಬಂದು ನೋಡಿ, "ಅಮ್ಮನ್ನ ಕರ್ಕೊಂಡು ಹೋಗೋಕೆ ತಮ್ಮ ಭಾನುವಾರ ಕಾರು ತರ್ತಾನೆ," ಎಂದಷ್ಟೇ ಹೇಳಿ ಒಳಗೆ ಹೋದಳು. ಬೇಡ ಎಂದಳೋ, ಬೇಗ ಮುಗಿಸಿ ಎಂದಳೋ ತಿಳಿಯಲಿಲ್ಲ. ಅತ್ತೆ ಕಿಟಕಿಯಲ್ಲಿ ನಿಂತು ನೋಡುತ್ತಾರೆ.

ಮಾರ್ಚ್ ೨೩, ಶನಿವಾರ, ಸಂಜೆ

ಮಣ್ಣು ಇನ್ನೂ ಹಸಿ, ಆದರೂ ಕರೆದೆ. ಅತ್ತೆ ಶೂ ಹಾಕಿಕೊಂಡು ಬಂದರು. ಈ ಸಲ ಮುಂದೆ ಹೋಗಲಿಲ್ಲ, ಪಕ್ಕದಲ್ಲೇ ನಡೆದೆ. ಎರಡನೇ ತಿರುವಿನಲ್ಲಿ ನಿಂತರು. ಮೇಲೆ ಅಡುಗೆಮನೆ ಬಾಗಿಲಲ್ಲಿ ಇವಳು.

"ಹೇಗಿದೆ ಅತ್ತೆ?"

ಅಂಗಳ ಅನ್ನುತ್ತಾರೆ ಎಂದುಕೊಂಡೆ. ಅತ್ತೆ ಮಗಳ ಕಡೆ ನೋಡಿದರು. ಆಮೇಲೆ ಅವಳಿಗೂ ಕೇಳಿಸುವ ಹಾಗೆ —

"ಕಷ್ಟ ಇದೆ. ಇಲ್ಲಿ ನನಗೆ ಆಗಲ್ಲ. ಏರು ತಗ್ಗಿಸಿ."

ಯಾವತ್ತೂ ಆಗದಷ್ಟು ಸಂತೋಷ ಆಯಿತು. ಇವಳು ಇಳಿದು ಬಂದು, ಮಣ್ಣಿನ ಬುಟ್ಟಿ ಎತ್ತಿಕೊಂಡಳು.

ನೀರು ಕುಡಿಯಲು ಒಳಗೆ ಬಂದವನು ಬರೆಯುತ್ತಿದ್ದೇನೆ. ಬಾಮೈದ ಬೆಳಿಗ್ಗೆಯೇ ಬರುತ್ತಾನೆ. ಅಷ್ಟರಲ್ಲಿ ತಿರುವು ಮುಗಿಯುತ್ತದೋ ಇಲ್ಲವೋ, ಮುಗಿದರೂ ಇವಳು ಅವನಿಗೆ ಏನು ಹೇಳುತ್ತಾಳೋ... ಅತ್ತೆ ಅಲ್ಲೇ ಕಲ್ಲಿನ ಮೇಲೆ ಕೂತು ಎಲ್ಲಿ ಕಡಿಯಬೇಕು ಎಂದು ಮಗಳಿಗೆ ಹೇಳಿಕೊಡುತ್ತಿದ್ದಾರೆ. ಇವಳು ಕೂಗುತ್ತಿದ್ದಾಳೆ, ಬೆಳಕು ಹೋಗ್ತಿದೆ ರೀ, ಗುದ್ದಲಿ ತಗೊಂಡು ಬನ್ನಿ ಎಂದು. ಗುದ್ದಲಿ ಎಲ್ಲಿ ಇಟ್ಟೆ —