ಯಂತ್ರದ ಕೋಣೆಯಲ್ಲಿ ತಂಗಿ

ಜೂನ್ 4, ಬೆಳಿಗ್ಗೆ 7
ದಿನಪತ್ರಿಕೆಯಲ್ಲಿ ನಾಲ್ಕನೆಯ ತಪ್ಪಿಗೆ ಕೆಂಪು ಗೆರೆ ಎಳೆಯುವಷ್ಟರಲ್ಲಿ ಕೆಳಗೆ ಯಂತ್ರ ಶುರುವಾಯಿತು. ಕಾಲುಚೀಲ ಹೆಣೆಯುವ ಯಂತ್ರ. ತಂಗಿಯ ಮಗಳ ಬಾಯಲ್ಲಿ ‘ಸಾಕ್ಸ್ ಮೆಷಿನ್’. ತಿದ್ದಿ ತಿದ್ದಿ ಸಾಕಾಗಿದೆ. ವಿದೇಶಿ ಕರೆನ್ಸಿಯ ಬ್ಯಾಂಕ್ ಸಾಲದಲ್ಲಿ ಅವಳೇ ತರಿಸಿದ್ದು. ಆಮದು ಸುಂಕದಲ್ಲಿ ಸರ್ಕಾರದ ವಿನಾಯಿತಿಯೂ ದೊರೆತಿದೆ. ನಿಯಮ ಎರಡು. ಐದು ವರ್ಷ ಯಂತ್ರವನ್ನು ಘೋಷಿಸಿದ ಕೋಣೆಯಿಂದ ಕದಲಿಸಬಾರದು. ಆ ಕೋಣೆಯಲ್ಲಿ ಯಾರೂ ವಾಸಿಸಬಾರದು. ತಪ್ಪಿದರೆ ಸುಂಕ, ಸಾಲ ಎರಡೂ ಒಟ್ಟಿಗೆ ಕುತ್ತಿಗೆಗೆ ಬರುತ್ತವೆ. ಹುಡುಗಿ ಬೀದಿಗೆ ಬೀಳುತ್ತಾಳೆ. ಮನೆಯೊಡತಿಯೆಂದು ಪ್ರತಿವರ್ಷ ಘೋಷಣೆಗೆ ಸಹಿ ನನ್ನದು.

ಜೂನ್ 19
ತಂಗಿ ಮೆಟ್ಟಿಲಿನಿಂದ ಜಾರಿದಳು. ಸೊಂಟದ ಮೂಳೆ.

ಜುಲೈ 11
ಆಸ್ಪತ್ರೆಯಿಂದ ಬಂದಳು. ಮೆಟ್ಟಿಲು ಹತ್ತುವಂತಿಲ್ಲ. ಕೆಳಗಿರುವುದು ಅಡುಗೆಮನೆ, ಬಚ್ಚಲು, ಯಂತ್ರದ ಕೋಣೆ... ಯಂತ್ರದ ಪಕ್ಕದಲ್ಲೇ ಮಂಚ ಹಾಕಿಸಿದೆ. ಯಂತ್ರವನ್ನು ಹಿಂದಿನ ಶೆಡ್ಡಿಗೆ ಸಾಗಿಸಲು ಅನುಮತಿ ಕೋರಿ ಸುಂಕದ ಕಚೇರಿಗೊಂದು, ಬ್ಯಾಂಕಿಗೊಂದು ಪತ್ರ ಬರೆದೆ. ಹದಿನೆಂಟು ಹೆಜ್ಜೆಯ ದೂರ.

ಆಗಸ್ಟ್ 20
ಸುಂಕದ ಕಚೇರಿಯ ಉತ್ತರ: ಮೊದಲು ಬ್ಯಾಂಕು ಒಪ್ಪಬೇಕು. ಬ್ಯಾಂಕಿನ ಉತ್ತರ: ಮೊದಲು ಸುಂಕದ ಕಚೇರಿ ಒಪ್ಪಬೇಕು. ಎರಡರಲ್ಲೂ ವಾಕ್ಯರಚನೆ ನಿರ್ದುಷ್ಟ. ದಣಿವಾಗುತ್ತದೆ.
ತಂಗಿ ಹೇಳಿದಳು: “ಸುಮ್ನೆ ಬಿದ್ಕೊಂಡು ಫ್ಯಾನ್ ನೋಡಿ ನೋಡಿ ಸಾಕಾಯ್ತು ಕಣಕ್ಕ. ಆ ದಾರದ ಸಿಕ್ಕಾದ್ರೂ ಕೊಡು, ಬಿಡಿಸ್ತೀನಿ.”
ಕೊಟ್ಟೆ.

ಸೆಪ್ಟೆಂಬರ್ 15
ನಾಳೆ ಸುಂಕದ ಕಚೇರಿಯಿಂದ ಯಂತ್ರದ ತಪಾಸಣೆ. ತಂಗಿಯ ಮಗಳು ಮಂಚದ ಪಕ್ಕಕ್ಕೆ ಕುರ್ಚಿ ತಂದಿಟ್ಟಳು.
“ದೊಡ್ಡಮ್ಮ, ಒಂದೇ ಒಂದು ದಿನ. ಅಮ್ಮನ್ನ ಕುರ್ಚಿ ಸಮೇತ ಮೇಲಕ್ಕೆ ಎತ್ಕೊಂಡು ಹೋಗೋಣ.”
“ಎತ್ತಿ, ಇನ್ನೊಂದು ಕಡೆನೂ ಮುರೀರಿ,” ಎಂದಳು ತಂಗಿ. “ಮೆಷಿನ್ ಕದಲಬಾರ್ದು ಅಂತ ರೂಲ್ಸ್ ಇದೆ ತಾನೆ? ನನಗೂ ಅದೇ ರೂಲ್ಸು.”

ಸೆಪ್ಟೆಂಬರ್ 16, ಮಧ್ಯಾಹ್ನ 3
ಅಧಿಕಾರಿ ಬಂದು ಹೋದರು. ಯಂತ್ರದ ಸಂಖ್ಯೆ ನೋಡಿದರು. ಮಂಚವನ್ನೂ ನೋಡಿದರು.
“ಇವರು ಇಲ್ಲೇ ಇರ್ತಾರಾ?”
ತಂಗಿ ನೂಲಿನಿಂದ ತಲೆಯೆತ್ತಲಿಲ್ಲ. “ಇರ್ದೆ ಇನ್ನೇನು ಸಾರ್? ಸಿಕ್ಕು ಬಿಡಿಸೋ ಕೆಲಸ ನಂದು. ಕಾಲು ಮಾತ್ರ ರಜಾ ಹಾಕಿದೆ.”
ಅವರು ನನ್ನತ್ತ ತಿರುಗಿದರು. “ಮೇಡಂ, ನೀವು ಟೀಚರಾಗಿದ್ದೋರು. ನೀವೇ ಹೇಳಿ. ಇವರು ಕೆಲಸದವರಾ, ಇಲ್ಲಿ ವಾಸ ಇರೋರಾ?”
ಸುಳ್ಳು ಹೇಳಿದ ಮಕ್ಕಳನ್ನು ಮೂವತ್ತಾರು ವರ್ಷ ಬೆಂಚಿನ ಮೇಲೆ ನಿಲ್ಲಿಸಿದವಳು.
“ಕೆಲಸದವರು,” ಎಂದೆ. ಸಹಿಯನ್ನೂ ಹಾಕಿದೆ.

ಅದೇ ದಿನ, ಸಂಜೆ 5
ನಿಜವನ್ನು ತಿಳಿಸದೆ ಅನ್ನ ಇಳಿಯದು. ಕಾಗದ ತೆಗೆದು ‘ಮಾನ್ಯರೇ’ ಎಂದು ಬರೆದೆ. ಕೆಳಗಿನಿಂದ ಕೂಗು: “ಅಕ್ಕಾ, ನನ್ನ ಸಂಬಳ ಒಂದನೇ ತಾರೀಕಿಗಾ, ಐದಕ್ಕಾ?” ಬೆನ್ನಿಗೇ ತಾಯಿ, ಮಗಳು ಇಬ್ಬರ ನಗು. ಜೂನ್‌ನಿಂದ ಈ ಮನೆಯಲ್ಲಿ ಕೇಳಿರದ ನಗು.
ಪೆನ್ನು ಇನ್ನೂ ಕೈಯಲ್ಲಿದೆ. ‘ಮಾನ್ಯರೇ, ಇಂದು ನಾನು ನೀಡಿದ ಹೇಳಿಕೆಯು—’